ಎಸ್ಟಿಮೇಟಿನಲ್ಲಿ ಪಾವಟಿಗೆ ಇರಲಿಲ್ಲ

ನಾಲ್ಕು ತಿಂಗಳ ಹಿಂದೆ ನಾನು ನಿಚ್ಚಣಿಕೆ ಹತ್ತಿ ಒಂದು ಗೃಹಪ್ರವೇಶದ ಊಟ ಮಾಡಿ ಬಂದೆ.

ನಗಬೇಡಿ. ನನಗೆ ಐವತ್ತು ದಾಟಿದೆ. ಮೈಮೇಲೆ ಇಳಕಲ್ ಸೀರೆ, ಮೂಗಿನ ಮೇಲೆ ದಪ್ಪ ಗಾಜಿನ ಚಷ್ಮಾ, ಬಗಲಲ್ಲಿ ಆಯೇರಿಗೆಂದು, ಅಂದರೆ ಉಡುಗೊರೆಗೆಂದು, ಒಯ್ದ ಸ್ಟೀಲ್ ಡಬ್ಬಿ. ಕೆಳಗೆ ನಮ್ಮ ಯಜಮಾನರು ನಿಚ್ಚಣಿಕೆ ಹಿಡಿದು ನಿಂತು, "ಕೆಳಗ ನೋಡಬ್ಯಾಡ, ಮ್ಯಾಲ ನೋಡು, ಮ್ಯಾಲ ನೋಡು" ಅಂತ ಒಂದೇ ಸಮನೆ ಹೇಳುತ್ತಿದ್ದರು. (ಇಷ್ಟು ವರ್ಷದ ಸಂಸಾರದಲ್ಲಿ ಅವರು ನನಗೆ ಮೇಲೆ ನೋಡು ಅಂದದ್ದು ಅದೇ ಮೊದಲು.)

ಮೇಲೆ ಹೊಸ ಮನೆ. ಹೊಸ ಸುಣ್ಣ, ಹೊಸ ಬಾಗಿಲು, ಬಾಗಿಲಿಗೆ ಮಾವಿನ ತೋರಣ. ಬಸ್ ಸ್ಟ್ಯಾಂಡಿನ ಎದುರಿಗೇ ಸರ್ಕಾರ ಕಟ್ಟಿಸಿದ ಎಂಟು ಮನೆಗಳಲ್ಲಿ ಅದೊಂದು. ಕೆಳಗೆ ಎಂಟು ಅಂಗಡಿ, ಮೇಲೆ ಎಂಟು ಮನೆ. ನಳ ಇತ್ತು. ಕರೆಂಟು ಇತ್ತು. ಗೋಡೆಯ ಮೇಲೆ ಯೋಜನೆಯ ಹೆಸರು ದೊಡ್ಡ ಅಕ್ಷರದಲ್ಲಿ ಇತ್ತು. ಮೇಲೆ ಹತ್ತಲು ಪಾವಟಿಗೆ, ಅಂದರೆ ನೀವು ಮೆಟ್ಟಿಲು ಅನ್ನುತ್ತೀರಲ್ಲ, ಅದು ಇರಲಿಲ್ಲ.

ಮುರಿದಿರಲಿಲ್ಲ. ಅರ್ಧಕ್ಕೆ ನಿಂತಿರಲಿಲ್ಲ. ಕಟ್ಟಿಯೇ ಇರಲಿಲ್ಲ.

ಆಗಲೇ ಬರೆಯಲು ಕೂತಿದ್ದೆ. ಮನೆಯ ಒಡತಿ ಕಸ್ತೂರಿ ಪೆನ್ನು ಕಸಿದುಕೊಂಡಳು. "ಪೇಪರಿನ್ಯಾಗ ಬಂತಂದ್ರ ಮನಿನೂ ಕಸ್ಕೋತಾರ, ಸುಮ್ನಿರು" ಅಂದಳು. ಈಗ ಅವಳೇ ಬರೆ ಅಂದಿದ್ದಾಳೆ. ಊರ ಹೆಸರು ಮಾತ್ರ ಬೇಡವಂತೆ. ಸರಿ, ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿ ಕಡೆ ಎಲ್ಲೋ ಒಂದು ಊರು ಅಂತ ಇಟ್ಟುಕೊಳ್ಳಿ. ಪ್ರತಿಯೊಬ್ಬರೂ ಪಕ್ಕದೂರಿನದು ಅಂದುಕೊಂಡರೆ ಎಲ್ಲರಿಗೂ ಕ್ಷೇಮ.

ಕಸ್ತೂರಿ ನನ್ನ ಜೊತೆ ಏಳನೇ ಇಯತ್ತೆವರೆಗೆ ಒಂದೇ ಬೆಂಚಿನಲ್ಲಿ ಕೂತವಳು. ನಾನು ಮುಂದೆ ಓದಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಟೀಚರಾದೆ. (ನಮ್ಮ ಕಡೆ ಟೀಚರಮ್ಮನಿಗೆ ಅಕ್ಕಾರು ಅಂತಾರೆ. ಹಾಗಾಗಿ ನಾನು ಊರಿಗೆಲ್ಲ ಅಕ್ಕಾರು.) ಅವಳು ಹೊಲಿಗೆ ಮಷಿನ್ ಹಿಡಿದಳು. ನನ್ನ ಗಣಿತಕ್ಕಿಂತ ಅವಳ ಅಳತೆ ಪಕ್ಕಾ. ಟೇಪು ಹಿಡಿಯುವುದೇ ಇಲ್ಲ. ಒಮ್ಮೆ ಕಣ್ಣಾಡಿಸಿ, "ಹೋದ ದೀಪಾವಳಿಗಿಂತ ಎರಡು ಇಂಚು ಹೆಚ್ಚಾಗೀದಿ" ಅಂತ ನಾಲ್ಕು ಜನರೆದುರು ಹೇಳುವ ಹೆಣ್ಣುಮಗಳು.

ಅವಳ ಮನೆ ಮೊದಲು ಹಳೇ ಸ್ಟ್ಯಾಂಡಿನ ಮಗ್ಗುಲಿನ ಪೇಟೆ ಓಣಿಯಲ್ಲಿತ್ತು. ಕೆಳಗೆ ಮಷಿನ್, ಮೇಲೆ ಮನೆ. ಬಸ್ಸಿಳಿದವರು ಜಂಪರ್ (ರವಿಕೆ) ಬಟ್ಟೆ ಕೊಟ್ಟು, ಸಂತೆ ಮಾಡಿ, ಹೊಲಿದದ್ದು ಇಸಿದುಕೊಂಡು ಬಸ್ಸು ಹತ್ತುತ್ತಿದ್ದರು. ಗಂಡ ಈರಪ್ಪ ನಡೆದುಕೊಂಡು ಪವರ್‌ಲೂಮಿಗೆ ಹೋಗುತ್ತಿದ್ದ. ಅತ್ತೆ ನೀಲವ್ವ ಕಟ್ಟೆಯ ಮೇಲೆ ಕೂತು, ಬಸ್ಸಿಳಿದವರ ಪೈಕಿ ಯಾರು ಯಾರ ಮನೆಗೆ ಹೋಗುತ್ತಾರೆ ಅಂತ ಲೆಕ್ಕ ಇಡುತ್ತಿದ್ದಳು.

ಆಮೇಲೆ ಊರು ಸುಧಾರಿಸಿತು. ಬಸ್ಸು ತಿರುಗಲು ಜಾಗ ಸಾಲದು ಅಂತ ಓಣಿ ಕೆಡವಿದರು. ಕಸ್ತೂರಿಯ ಸಂಸಾರ ಚಿಮ್ಮಡದ ಕಡೆ ಒಂದು ಬಾಡಿಗೆ ಮನೆಗೆ ಹೋಯಿತು. ಈಕೆ ದಿನಾ ಬಸ್ಸಿನಲ್ಲಿ ಬಂದು, ಯಾರದೋ ಕಿರಾಣಿ ಅಂಗಡಿಯ ಮೂಲೆಯಲ್ಲಿ ಮಷಿನ್ ಇಟ್ಟುಕೊಂಡು ಹೊಲಿಯಬೇಕು. ಬಸ್ಸು ಬಂದಾಗ ಬರಬೇಕು, ಬಸ್ಸು ಹೊರಟಾಗ ಓಡಬೇಕು. ಕೈಯಲ್ಲಿ ಅರ್ಧ ಹೊಲಿದ ತೋಳು ಹಿಡಿದುಕೊಂಡೇ ಬಸ್ಸು ಹತ್ತಿದ್ದನ್ನು ನಾನೇ ನೋಡಿದ್ದೇನೆ. ಅತ್ತೆ ಹಗಲೆಲ್ಲ ಒಬ್ಬಳೇ. ಮೊಣಕಾಲು ಹಿಡಿದುಕೊಂಡಿವೆ. ಒಂದು ದಿನ ಬಚ್ಚಲಿನಲ್ಲಿ ಬಿದ್ದು, ಸೊಸೆ ಬರುವ ತನಕ ಅಲ್ಲೇ ಕೂತಿದ್ದಳು. ಅವತ್ತು ಬಸ್ಸು ತಡವಾಗಿತ್ತು.

ಆ ಸಂಗತಿ ಹೇಳುವಾಗ ಮಾತ್ರ ಕಸ್ತೂರಿ ಮಷಿನ್ ನಿಲ್ಲಿಸುತ್ತಾಳೆ.

ಇಂಥದರಲ್ಲಿ ಯೋಜನೆ ಬಂತು. ನಮ್ಮ ಹೈಸ್ಕೂಲು ಸಾಲಿಯ ಹಾಲಿನಲ್ಲೇ ಮೀಟಿಂಗು. ಬೆಂಗಳೂರಿನಿಂದ ಒಬ್ಬ ತರುಣ ಅಧಿಕಾರಿ ಬಂದಿದ್ದರು. ಗೋಡೆಗೆ ಬಿಳಿ ಚಾದರ ಕಟ್ಟಿ ಚಿತ್ರ ತೋರಿಸಿದರು.

"ಕೆಳಗೆ ಅಂಗಡಿ. ಮೇಲೆ ಮನೆ. ಎದುರಿಗೆ ಬಸ್ಸು. ನಡುವೆ ನಡೆಯೋದಕ್ಕೆ ಒಳ್ಳೆ ಫುಟ್‌ಪಾತು. ಕೆಲಸ, ಮನೆ, ಬಸ್ಸು ಎಲ್ಲಾ ನಡೆಯುವಷ್ಟು ದೂರದಲ್ಲಿ. ಇದು ತುಂಬಾ ಹೊಸ ವಿಚಾರ. ಪರದೇಶಗಳಲ್ಲಿ ಈಗೀಗ ಮಾಡ್ತಿದ್ದಾರೆ."

ಮುಂದಿನ ಸಾಲಿನಲ್ಲಿ ಕೂತಿದ್ದ ನೀಲವ್ವ ಕೈ ಎತ್ತಿದಳು. "ತಮ್ಮಾ, ಅದು ನಮ್ಮ ಓಣಿ ಅಲ್ಲೇನು?"

"ಅಲ್ಲ ಅಜ್ಜಿ, ಇದು ಪ್ಲಾನು."

"ನಮ್ಮದೂ ಹಂಗ ಇತ್ತಲ್ಲೋ. ಕೆಳಗ ಅಂಗಡಿ, ಮ್ಯಾಲ ಮನಿ. ಮತ್ತ್ಯಾಕ ಕೆಡವಿದ್ರಿ?"

"ಅದಕ್ಕೆ ಪ್ಲಾನು ಇರಲಿಲ್ಲ, ಅಜ್ಜಿ."

ನಾವೆಲ್ಲ ಚಪ್ಪಾಳೆ ಹೊಡೆದೆವು. ಹುಡುಗ ಒಳ್ಳೆಯವನು. ಮನಸ್ಸಿನಲ್ಲಿ ಕಪಟ ಇರಲಿಲ್ಲ. ಓಣಿ ಕಳೆದುಕೊಂಡವರಿಗೇ ಮೊದಲ ಎಂಟು ಮನೆ ಅಂತ ಅವನೇ ಹಟ ಹಿಡಿದು ಬರೆಸಿ ಹೋದ. ಹಣ ಮೂರು ಕಡೆಯಿಂದ ಬರುತ್ತದೆ ಅಂತಲೂ ಹೇಳಿದ. ಅಂಗಡಿ ಕಟ್ಟಲು ಒಂದು ಇಲಾಖೆ, ಮನೆ ಕಟ್ಟಲು ಇನ್ನೊಂದು, ಫುಟ್‌ಪಾತಿಗೆ ಮತ್ತೊಂದು. ನಾವು ಅದಕ್ಕೂ ಚಪ್ಪಾಳೆ ಹೊಡೆದೆವು. ಮೂರು ಇಲಾಖೆ ಕೂಡಿದರೆ ಕೆಲಸ ಮೂರು ಪಟ್ಟು ಆಗುತ್ತದೆ ಅಂತ ನನ್ನಂಥ ಗಣಿತದ ಟೀಚರೂ ನಂಬಿದಳು ನೋಡಿ!

ಕಟ್ಟಡ ಎದ್ದಿತು. ಫುಟ್‌ಪಾತು ಎಷ್ಟು ಛಲೋ ಆಯಿತೆಂದರೆ, ಜನ ಅದರ ಮೇಲೆ ನಡೆಯಲು ಹೆದರಿ ರಸ್ತೆಯಲ್ಲೇ ನಡೆದರು. ಚೀಟಿ ಬಂತು: ಹದಿನೈದು ದಿನದೊಳಗೆ ಕೀಲಿ ಇಸಿದುಕೊಳ್ಳದಿದ್ದರೆ ಹಂಚಿಕೆ ರದ್ದು. ಕಸ್ತೂರಿ ಎರಡು ಕೀಲಿ ಇಸಿದುಕೊಂಡಳು. ಅಂಗಡಿಯದೊಂದು, ಮನೆಯದೊಂದು. ಅಂಗಡಿ ತೆಗೆದಳು. ಮನೆ ತೆಗೆಯಲು ಹೊರಟವಳು ಕಟ್ಟಡದ ಸುತ್ತ ಎರಡು ಸುತ್ತು ಬಂದು, ನಮ್ಮ ಸಾಲಿಗೆ ಬಂದಳು.

"ವಿಮಲಾ, ನಿನ್ನ ಚಷ್ಮಾ ಹಾಕ್ಕೊಂಡು ಬಾ. ನನಗ ಪಾವಟಿಗಿ ಕಾಣವಲ್ತು."

ನನಗೂ ಕಾಣಲಿಲ್ಲ.

ಇಬ್ಬರೂ ಮೊದಲು ಅಂಗಡಿ ಸಾಹೇಬರ ಆಫೀಸಿಗೆ ಹೋದೆವು. (ಅಂಗಡಿ ಕಟ್ಟಿಸಿದ ಎಂಜಿನಿಯರು. ಮನೆ ಕಟ್ಟಿಸಿದವರು ಮನೆ ಸಾಹೇಬರು. ಇಬ್ಬರ ಹೆಸರೂ ಬೇಡ.) ಅವರು ನಕಾಶೆ ಬಿಚ್ಚಿ ಹಾಸಿದರು.

"ನೋಡ್ರಿ ಅಕ್ಕಾರ, ನಮ್ಮ ಕೆಲಸ ಸ್ಲ್ಯಾಬಿನ ತನಕ. ಅಂಗಡಿಗೆ ಬರವ್ರು ಮ್ಯಾಲ ಯಾಕ ಹೋಗ್ತಾರ? ಅಂಗಡಿಗೆ ಪಾವಟಿಗಿ ಬೇಕಾಗೂದಿಲ್ರಿ."

ಮಾತು ಖರೆ. ಅಲ್ಲಿಂದ ಮನೆ ಸಾಹೇಬರ ಹತ್ತಿರ. ಅವರೂ ನಕಾಶೆ ಬಿಚ್ಚಿದರು. ಅವರ ನಕಾಶೆ ಸ್ಲ್ಯಾಬಿನಿಂದ ಸುರುವಾಗುತ್ತಿತ್ತು.

"ನಮ್ಮ ಕೆಲಸ ಮ್ಯಾಲಿಂದ್ರಿ. ಕೆಳಗಿನ ಜಾಗಾ ನಮ್ಮದಲ್ಲ. ಪಾವಟಿಗಿ ಎಲ್ಲಿ ಸುರು ಆಗ್ತದ ಹೇಳ್ರಿ?"

"ನೆಲದ ಮ್ಯಾಲ" ಅಂದಳು ಕಸ್ತೂರಿ.

"ನೆಲ ಅವರದು."

"ಎಲ್ಲಿ ಮುಗೀತೈತ್ರಿ?"

"ನಮ್ಮ ಗ್ಯಾಲರಿಗೆ."

"ಹಂಗಾರ ಅರ್ಧ ಅವರು ಕಟ್ಲಿ, ಅರ್ಧ ನೀವು ಕಟ್ರಿ."

ಮನೆ ಸಾಹೇಬರು ನಿಜವಾಗಿಯೂ ಯೋಚನೆ ಮಾಡಿದರು. ಆಮೇಲೆ ಬಹಳ ಮೆತ್ತಗೆ ಕೇಳಿದರು: "ನಡುವಿನ ಪಾವಟಿಗಿ ಯಾರದು?"

ವಾಪಸ್ ಬಸ್ಸಿಳಿದ ಮೇಲೆ ಕಸ್ತೂರಿ ಹೋಗಿ ಕಟ್ಟಡದ ಕೆಲಸದ ಗೌಂಡಿಯವರಿಂದ ಒಂದು ನಿಚ್ಚಣಿಕೆ ಕೇಳಿ ತಂದಳು. ಎಂಟೂ ಮನೆಯವರು ಹಗ್ಗದಿಂದ ಪಾತ್ರೆ, ಟ್ರಂಕು, ಹಾಸಿಗೆ ಏರಿಸಿದರು. ಹೀಗೆ ಆಯಿತು ಗೃಹಪ್ರವೇಶ. ಪೂಜೆಗೆ ಬಂದ ಅಯ್ಯನವರು ಗಂಟೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಹತ್ತಿದರು.

ನೀಲವ್ವ ಹತ್ತಲಿಲ್ಲ. ಆ ಮೊಣಕಾಲಿನಲ್ಲಿ ಹೇಗೆ ಹತ್ತಬೇಕು? ಕುರ್ಚಿಯಲ್ಲಿ ಕೂರಿಸಿ ಹಗ್ಗದಿಂದ ಎತ್ತೋಣ ಅಂದ ಈರಪ್ಪ. "ನಾ ಏನು ಅಕ್ಕಿ ಚೀಲ ಏನೋ?" ಅಂದಳು ಮುದುಕಿ. ಕೆಳಗೆ ಅಂಗಡಿಯಲ್ಲಿ, ಮಷಿನ್ನಿನ ಮಗ್ಗುಲಿಗೆ, ಅವಳಿಗೊಂದು ಹೊರಸು ಹಾಕಿದರು. ಊಟ ಬಕೆಟ್ಟಿನಲ್ಲಿ ಇಳಿದು ಬಂತು. ಮೇಲೆ ತನ್ನದೊಂದು ಮನೆ ಇದೆ ಅಂತ ಅವಳಿಗೆ ಸೊಸೆ ಹೇಳಿದ್ದಷ್ಟೇ ಗೊತ್ತು. "ಅಡಿಗಿ ಮನಿ ಕಿಡಕಿ ಯಾವ ದಿಕ್ಕಿಗೈತಿ?" ಅಂತ ದಿನಕ್ಕೊಮ್ಮೆ ಕೇಳುತ್ತಿದ್ದಳು.

ಅಜ್ಜಿ ರಾತ್ರಿಯೂ ಅಂಗಡಿಯಲ್ಲೇ ಮಲಗುವುದರಿಂದ, ಅವಳ ನಿದ್ದೆ ಕೆಡಬಾರದು ಅಂತ ಕಸ್ತೂರಿ ಕೆಲವು ಬಟ್ಟೆ ಮೇಲೆ ಒಯ್ದು ಗುಂಡಿ ಹಚ್ಚುವುದು, ಹುಕ್ಕು ಹಾಕುವುದು ಮಾಡತೊಡಗಿದಳು. ಸರ್ಕಾರ ಸುಮ್ಮನಿರುತ್ತದೆಯೇ? ಒಂದೇ ವಾರದಲ್ಲಿ ಎರಡು ನೋಟಿಸು ಬಂದವು. ಅಂಗಡಿ ಸಾಹೇಬರದು: ವ್ಯಾಪಾರದ ಜಾಗದಲ್ಲಿ ವಾಸ ಮಾಡಿದ್ದೇಕೆ? ಮನೆ ಸಾಹೇಬರದು: ವಾಸದ ಜಾಗದಲ್ಲಿ ವ್ಯಾಪಾರ ಮಾಡಿದ್ದೇಕೆ? ಮನೆ ಮತ್ತು ಅಂಗಡಿ ಕೂಡಿ ಇರಬೇಕು ಅಂತ ಬಂದ ಯೋಜನೆ ಸ್ವಾಮಿ ಇದು! ಎರಡೂ ಕೂಡಿದ್ದು ಕಾಣುತ್ತಲೇ ಎರಡೂ ಕಡೆಯವರಿಗೆ ಸಿಟ್ಟು ಬಂತು.

ಮಜಾ ಅಂದರೆ, ಮನೆ ಸಾಹೇಬರ ಜವಾನ ಆ ನೋಟಿಸನ್ನು ಬಾಗಿಲಿಗೆ ಅಂಟಿಸಲು ಮೇಲೆ ಹೋಗಬೇಕಿತ್ತು. ನಿಚ್ಚಣಿಕೆ ನೋಡಿ ಹೆದರಿದ. ಕಸ್ತೂರಿಯ ಕೈಗೆ ಕೊಟ್ಟು, "ಅಕ್ಕಾ, ನೀನ ಅಂಟಿಸ್ಕೊಂಡ ಬಿಡ" ಅಂದ. ಅವಳು ಅಂಟಿಸಿಕೊಂಡಳು.

ಆಮೇಲೆ ಉದ್ಘಾಟನೆಗೆ ಮಂತ್ರಿಗಳು ಬರುತ್ತಾರೆ ಅಂತ ಸುದ್ದಿ ಬಂತು. ಮೇಲಿನ ಮನೆಯಲ್ಲಿ ದೀಪ ಹಚ್ಚುವ ಕಾರ್ಯಕ್ರಮ. ಮಂತ್ರಿಗಳು ನಿಚ್ಚಣಿಕೆ ಹತ್ತುತ್ತಾರೆಯೇ? ಇಬ್ಬರೂ ಸಾಹೇಬರು ಒಂದೇ ಜೀಪಿನಲ್ಲಿ ಬಂದದ್ದನ್ನು ಅವತ್ತೇ ನಾನು ಮೊದಲ ಸಲ ನೋಡಿದೆ. ಎರಡೇ ದಿನ. ಪೆಂಡಾಲಿನ ಮಲ್ಲಪ್ಪನನ್ನು ಕರೆಸಿ ಕಟ್ಟಿಗೆಯ ಪಾವಟಿಗೆ ನಿಲ್ಲಿಸಿದರು. ಅಗಲವಾಗಿ, ಎರಡೂ ಕಡೆ ಕೈಗಂಬಿ, ಮೇಲೆ ಕೆಂಪು ಹಾಸು. ತಿಂಗಳುಗಟ್ಟಲೆ ಯಾರದೂ ಅಲ್ಲದ ಪಾವಟಿಗೆ ಎರಡೇ ದಿನದಲ್ಲಿ ಇಬ್ಬರದೂ ಆಯಿತು.

ಮಂತ್ರಿಗಳು ಹತ್ತಿದರು, ದೀಪ ಹಚ್ಚಿದರು, ಇಳಿದರು, ಹೋದರು. ಫೋಟೋದಲ್ಲಿ ಹಿಂದೆ ಕೆಂಪು ಪಾವಟಿಗೆ ಬಹಳ ಚಂದ ಬಂದಿದೆ.

ಜನ ಚದುರಿದ ಮೇಲೆ ನೀಲವ್ವ ಹೊರಸಿನಿಂದ ಎದ್ದಳು. ಒಂದು ಕೈ ಸೊಸೆಯ ಹೆಗಲ ಮೇಲೆ, ಇನ್ನೊಂದು ಕೈಗಂಬಿಯ ಮೇಲೆ. ಒಂದು ಪಾವಟಿಗೆ ಏರುವುದು, ನಿಲ್ಲುವುದು, ಉಸಿರು ತಗೊಳ್ಳುವುದು. ನಾನು ಹಿಂದೆ ಇದ್ದೆ. ಮೇಲೆ ಹೋದವಳು ಮೊದಲು ಅಡಿಗೆ ಮನೆಗೆ ಹೋದಳು. ಕಿಟಕಿ ತೆಗೆದಳು. ಮೂಡಣ ದಿಕ್ಕು. ಎದುರಿಗೆ ಸ್ಟ್ಯಾಂಡು. ಮುಧೋಳದ ಬಸ್ಸು ಬಂದು ನಿಂತಿತ್ತು. ನಳ ತಿರುವಿ ಕೈ ತೊಳೆದುಕೊಂಡಳು. ಸೆರಗಿನಿಂದ ಒರೆಸಿಕೊಂಡು, ಗೋಡೆಗೆ ಒರಗಿ ಕೂತಳು.

"ಛಲೋ ಐತಿ ಬಿಡ" ಅಂದಳು. ಅಷ್ಟೇ. ಕಸ್ತೂರಿ ಒಲೆಯ ಕಡೆ ತಿರುಗಿ, ಇಲ್ಲದ ಕೆಲಸ ಮಾಡುತ್ತ ನಿಂತಳು.

ಮರುದಿನ ರವಿವಾರ ಮುಂಜಾನೆ ಮಲ್ಲಪ್ಪ ಟ್ರ್ಯಾಕ್ಟರ್ ತಂದ. ಪಾವಟಿಗೆ ಬಿಚ್ಚಬೇಕು. ರನ್ನ ಬೆಳಗಲಿ ಅನ್ನುವ ಊರಲ್ಲಿ ಲಗ್ನ. ಮದುಮಕ್ಕಳು ಸ್ಟೇಜು ಹತ್ತಲು ಅದೇ ಪಾವಟಿಗೆ ಬೇಕು.

ಕಸ್ತೂರಿ ಮೊದಲನೇ ಪಾವಟಿಗೆಯ ಮೇಲೆ ಕೂತುಬಿಟ್ಟಳು.

"ಏಳಬೇ ಯಕ್ಕಾ, ನನ್ನ ಹೊಟ್ಟಿ ಮ್ಯಾಲ ಹೊಡೀಬ್ಯಾಡ" ಅಂದ ಮಲ್ಲಪ್ಪ.

"ನಿನ್ನ ಮ್ಯಾಲ ಸಿಟ್ಟಿಲ್ಲೋ ತಮ್ಮಾ. ನೀನೂ ಕುಂದರು."

ಉಳಿದ ಏಳು ಮನೆಯ ಹೆಂಗಸರೂ ಬಂದು ಕೂತರು. ಒಂದು ಪಾವಟಿಗೆಗೆ ಒಬ್ಬರು. ಒಬ್ಬಳು ಅಕ್ಕಿ ಆರಿಸುತ್ತ, ಒಬ್ಬಳು ಮಗುವಿಗೆ ಹಾಲು ಕುಡಿಸುತ್ತ. ನನಗೂ ಕೂರು ಅಂದರು. ನಾನು ಸರ್ಕಾರದ ಸಂಬಳ ತಿನ್ನುವವಳು. ಎರಡು ನಿಮಿಷ ಫುಟ್‌ಪಾತಿನ ಮೇಲೆ ನಿಂತು ಯೋಚಿಸಿದೆ. ಎಷ್ಟೋ ವರ್ಷ ಆ ಹೆಣ್ಣುಮಗಳ ಮುಂದೆ ನಿಂತು ಅಳತೆ ಕೊಟ್ಟಿದ್ದೇನೆ. ಈಗ ಅವಳು ಮತ್ತೆ ನನ್ನನ್ನೇ ಅಳೆಯುತ್ತಿದ್ದಳು. ಹೋಗಿ ಕೂತೆ.

ಬಸ್ಸಿಗೆ ಕಾಯುತ್ತಿದ್ದವರೆಲ್ಲ ಸುತ್ತ ನೆರೆದರು. ಜಮಖಂಡಿ ಬಸ್ಸಿನ ಕಂಡಕ್ಟರು ಸೀಟಿ ಊದುವುದನ್ನೇ ಮರೆತ. ಸುದ್ದಿ ಮುಟ್ಟಿ ಸಾಹೇಬರಿಬ್ಬರೂ ಬಂದರು. ಈ ಸಲ ಬೇರೆ ಬೇರೆ ಜೀಪು.

"ಇದು ಕಾನೂನಿಗೆ ವಿರುದ್ಧ. ಏಳ್ರಿ ಎಲ್ಲಾರೂ" ಅಂದರು ಅಂಗಡಿ ಸಾಹೇಬರು.

ಆಗ ರಾತ್ರಿ ಮೇಲೇ ಮಲಗಿದ್ದ ನೀಲವ್ವ ಮನೆ ಮುಂದಿನ ಗ್ಯಾಲರಿಯಲ್ಲಿ ಕಾಣಿಸಿದಳು. ಕೈಗಂಬಿ ಹಿಡಿದು ನಿಂತಿದ್ದಳು.

"ಏಳ್ರೇ, ಏಳ್ರಿ. ಬಿಚ್ಚಿಕೊಂಡು ಹೋಗ್ಲಿ" ಅಂದಳು.

ನಮಗೆಲ್ಲ ದಿಗಿಲಾಯಿತು. ಸಾಹೇಬರ ಮುಖ ಅರಳಿತು.

"ಬಿಚ್ರಿ ಸಾಹೇಬ್ರ. ನಾ ಇಲ್ಲೇ ಇರತೇನಿ. ನಾಳೆ ನನ್ನ ಎದಿ ಹಿಡಕೊಂತು ಅನ್ನ್ರಿ. ದವಾಖಾನಿಗೆ ಒಯ್ಯಬೇಕು. ಅದಕ್ಕ ಈಗ ಹೇಳಿಬಿಡ್ರಿ, ನನ್ನ ಇಳಿಸೂದು ಯಾರ ಇಲಾಖಿ?"

ಸ್ಟ್ಯಾಂಡಿನಲ್ಲಿ ಯಾರೋ ಒಬ್ಬ ಸೀಟಿ ಹೊಡೆದ. ಅಂಗಡಿ ಸಾಹೇಬರು ಮನೆ ಸಾಹೇಬರ ಮುಖ ನೋಡಿದರು. ಮನೆ ಸಾಹೇಬರು ಮೇಲೆ ನೋಡಿದರು. ಎಂಬತ್ತರ ಹತ್ತಿರದ ಮುದುಕಿ, ಎದುರಿಗೆ ಎರಡು ಬಸ್ಸಿನಷ್ಟು ಸಾಕ್ಷಿ. ಇಬ್ಬರೂ ಕೂಡಿಯೇ ಸ್ಟ್ಯಾಂಡಿನ ಕಂಟ್ರೋಲರ್ ರೂಮಿಗೆ ಹೋಗಿ ಫೋನು ಹಿಡಿದರು.

ಅವತ್ತು ಮಲ್ಲಪ್ಪನ ದೊಡ್ಡತನ ಹೇಳಬೇಕು. ಬಿಸಿಲು ಏರುವ ತನಕ ನಮ್ಮ ಜೊತೆ ಕೂತು ಚಹಾ ಕುಡಿದ. ಕೊನೆಗೆ ಟ್ರ್ಯಾಕ್ಟರ್ ಚಾಲೂ ಮಾಡಿ, "ಮದುಮಕ್ಕಳು ಹರೇದವರು, ಸ್ಟೇಜು ಜಿಗಿದು ಹತ್ತತಾರ. ಅಜ್ಜಿ ಜಿಗಿಯೂದು ಆಗೂದಿಲ್ಲ" ಅಂತ ಖಾಲಿ ಟ್ರಾಲಿ ತಗೊಂಡು ಹೋದ. ಅವನ ಮೇಲೆ ಯಾವ ಇಲಾಖೆಯೂ ಇಲ್ಲ. ಅದಕ್ಕೇ ಇರಬೇಕು, ತೀರ್ಮಾನ ಮಾಡಲು ಅವನಿಗೆ ಒಂದು ಕಪ್ ಚಹಾ ಸಾಕಾಯಿತು.

ಸರ್ಕಾರದ ತೀರ್ಮಾನವೂ ಬಂತು. ಬೆಂಗಳೂರಿನ ಆ ತರುಣ ಅಧಿಕಾರಿಯೇ ಹುಡುಕಿಕೊಟ್ಟ ದಾರಿಯಂತೆ. ಅಂಗಡಿಯ ಲೆಕ್ಕದಲ್ಲಿ ಪಾವಟಿಗೆ ಇಲ್ಲ. ಮನೆಯ ಲೆಕ್ಕದಲ್ಲೂ ಇಲ್ಲ. ಆದರೆ ಫುಟ್‌ಪಾತಿನ ಹಣ ಸ್ವಲ್ಪ ಉಳಿದಿತ್ತು. ಫುಟ್‌ಪಾತು ಅಂದರೇನು? ಜನ ಕಾಲಿನಿಂದ ನಡೆಯುವ ದಾರಿ. ಅದು ಅಡ್ಡಡ್ಡವೇ ಹೋಗಬೇಕು ಅಂತ ಯಾವ ರೂಲಿನಲ್ಲೂ ಬರೆದಿಲ್ಲವಂತೆ. ಫೈಲಿನಲ್ಲಿ ಹೀಗೆ ಬರೆದರು: "ಮೇಲ್ಮುಖವಾಗಿ ವಿಸ್ತರಿಸಿದ ಪಾದಚಾರಿ ಮಾರ್ಗ."

ಗಟ್ಟಿ ಕಲ್ಲಿನ ಪಾವಟಿಗೆ. ಗೌಂಡಿಗಳು ಮೂರು ವಾರದಲ್ಲಿ ಮುಗಿಸಿದರು. ಕೈಗಂಬಿಯೂ ಇದೆ. ನೀಲವ್ವ ದಿನಕ್ಕೊಮ್ಮೆ ಇಳಿದು, ಕೆಳಗಿನ ಪಾವಟಿಗೆಯ ಮೇಲೆ ಕೂತು ಬಸ್ಸು ನೋಡಿ, ಮತ್ತೆ ಏರುತ್ತಾಳೆ. ಈರಪ್ಪ ಮಧ್ಯಾಹ್ನದ ಊಟಕ್ಕೆ ಮನೆಗೇ ಬರುತ್ತಾನೆ. ಕಸ್ತೂರಿ ಈಗ ತೋಳು ಅರ್ಧಕ್ಕೆ ಬಿಟ್ಟು ಓಡುವುದಿಲ್ಲ. ಮೊನ್ನೆ ಅನಗವಾಡಿಯಿಂದ ಬಂದವಳೊಬ್ಬಳು ಎರಡು ಬಸ್ಸಿನ ನಡುವೆ ಮೂರು ಜಂಪರ್ ಹೊಲಿಸಿಕೊಂಡು ಹೋದಳು. ಆ ಹುಡುಗ ಸಾಲಿಯ ಹಾಲಿನಲ್ಲಿ ತೋರಿಸಿದ ಚಿತ್ರ ಸುಳ್ಳಾಗಿರಲಿಲ್ಲ. ಸರ್ಕಾರದ ದುಡ್ಡು ಇದಕ್ಕಿಂತ ಒಳ್ಳೆಯ ಕಡೆ ಹೋಗಿದ್ದನ್ನು ನಾನಂತೂ ಕಂಡಿಲ್ಲ. ವಿಚಾರ ಖರೇನ ಛಲೋ ಇತ್ತು. ಅದನ್ನು ಬಸ್ ಸ್ಟ್ಯಾಂಡಿನ ತನಕ ನಡೆಸಿಕೊಂಡು ಬರುವವರು ಬೇಕಿತ್ತು, ಅಷ್ಟೇ.

ಈಗ ಎರಡನೇ ಹಂತದಲ್ಲಿ ಇನ್ನಷ್ಟು ಮನೆ ಬರುತ್ತವಂತೆ. ಅರ್ಜಿಗೆ ಸಾಲು ಹಚ್ಚಿದ್ದಾರೆ.

ನಿನ್ನೆ ಮನೆ ಸಾಹೇಬರು ನಮ್ಮ ಸಾಲಿಗೆ ಬಂದಿದ್ದರು. ನೋಟಿಸು ಇರಬೇಕು ಅಂತ ಹೆದರಿದೆ. ಅಲ್ಲ. ಖಾಸಗಿ ಕೆಲಸ. ಅವರ ಮನೆಯವರಿಗೆ ಅಲ್ಲೊಂದು ಮನೆ ಬೇಕಂತೆ. ಪೇಟೆ ಹತ್ತಿರ, ಬಸ್ಸು ಹತ್ತಿರ, ಎಲ್ಲಿ ಬೇಕಾದರೂ ನಡೆದೇ ಹೋಗಬಹುದು ಅಂತ ಹೊಗಳಿದ್ದೇ ಹೊಗಳಿದ್ದು. ನಾನು ಕಸ್ತೂರಿಯನ್ನು ಕೇಳಿ ಅಕ್ಕಪಕ್ಕದವರು ಹೇಗೆ ಅಂತ ತಿಳಿಸಬೇಕಂತೆ. ಆಗಲಿ ಅಂದೆ. ಎದ್ದು ಹೊರಟವರು ಬಾಗಿಲಲ್ಲಿ ನಿಂತು, ದನಿ ಇಳಿಸಿ ಕೇಳಿದರು:

"ಎಲ್ಲಾ ಬರೋಬರಿ ಐತ್ರಿ ಅಕ್ಕಾರ. ಒಂದ ಹೇಳ್ರಿ, ಅಲ್ಲಿ ಕಾರು ಎಲ್ಲಿ ನಿಲ್ಲಸೂದು?"